ಬೋರ್‌ಗೆ ನೀರು ಬಿದ್ದ ದಿನ

ಮಂಡ್ಯ

ಚಿರಂಜೀವಿ ಕಿರಣನಿಗೆ ಅತ್ತೆಯ ಆಶೀರ್ವಾದಗಳು.

ಭಾನುವಾರ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ಮನಸ್ಸಿನಲ್ಲೇ ಕೂತಿದೆ. ಮೈಸೂರಲ್ಲಿ ಸೈಟಿಗೆ ಅಂತ ಕೂಡಿಟ್ಟ ನಾಲ್ಕು ಲಕ್ಷವನ್ನು ತೈಲ ಹುಡುಕುವ ಸಣ್ಣ ಕಂಪನಿಯೊಂದರ ಷೇರಿಗೆ ಹಾಕುತ್ತೀನಿ ಅಂದೆ. ಸಮುದ್ರದಲ್ಲಿ ಗ್ಯಾಸ್ ಸಿಕ್ಕಿದೆಯಂತೆ, ರೇಟು ಏರೋ ಮುಂಚೆ ತಗೋಬೇಕು ಅಂದೆ. ಅವತ್ತು ನಾನು ಸುಮ್ನಿದ್ದೆ. ಅದಕ್ಕೇ ಈ ಕಾಗದ.

ನಿಮ್ಮ ತಾತ ನಾಗಮಂಗಲದ ಹೊಲದಲ್ಲಿ ಬೋರ್ ತೆಗೆಸಿದಾಗ ನೀನಿನ್ನೂ ಹುಟ್ಟಿರಲಿಲ್ಲ. ಮೊದಲ ಎರಡು ಫೇಲಾದವು. ಮೂರನೆಯದಕ್ಕೆ ಅಮ್ಮನ ಬಳೆ ಅಡವಿಟ್ಟರು. ರಾತ್ರಿಯೆಲ್ಲಾ ಲಾರಿ ಕೊರೆಯಿತು. ಮುನ್ನೂರು ಅಡಿವರೆಗೂ ಬರೀ ಬಿಳಿ ಧೂಳು. ನಮ್ಮ ತಲೆ, ರೆಪ್ಪೆ ಎಲ್ಲ ಹಿಟ್ಟಿನ ಗಿರಣಿಯಲ್ಲಿ ನಿಂತವರ ಹಾಗೆ ಬೆಳ್ಳಗಾಗಿತ್ತು. ಬೆಳಗಿನ ಜಾವ ಧೂಳು ಒದ್ದೆಯಾಯಿತು, ಆಮೇಲೆ ಕೆಸರು, ಆಮೇಲೆ ನೀರು ಆಳೆತ್ತರ ಚಿಮ್ಮಿತು. ಎರಡು ಇಂಚು ಅಂದರು. ತಾತ ಕಾಯಿ ಒಡೆದು ಲಾರಿಯವರಿಗೆಲ್ಲ ಪಾಯಸದ ಊಟ ಹಾಕಿಸಿದರು. ಅವತ್ತೇ ಒಬ್ಬರು ಬಂದು ಆ ಹೊಲಕ್ಕೆ ದುಪ್ಪಟ್ಟು ರೇಟು ಕೇಳಿದರು. ಮುಂದಿನ ಬೇಸಿಗೆಗೆ ಮೋಟಾರು ಬರೀ ಗಾಳಿ ಎಳೆಯುತ್ತಿತ್ತು. ಬಳೆ ಮನೆಗೆ ವಾಪಸ್ ಬರಲೇ ಇಲ್ಲ.

ನೀನು ಕೊಳ್ಳೋಕೆ ಹೊರಟಿರೋದು ನೀರು ಬಿದ್ದ ದಿನದ ರೇಟಿಗೆ, ಕಿರಣ. ಎಷ್ಟು ವರ್ಷ ಬರುತ್ತೆ ಅನ್ನೋದು ಆವತ್ತು ಯಾರಿಗೂ ಗೊತ್ತಿರುವುದಿಲ್ಲ.

ಆಂಧ್ರದ ಕಡಲಲ್ಲಿರೋ ಕೃಷ್ಣಾ-ಗೋದಾವರಿ ಕಣಿವೆಯ ಡಿ6 ಬ್ಲಾಕ್ ನೋಡು. ಬ್ಲಾಕ್ ಅಂದರೆ ತೈಲ, ಗ್ಯಾಸ್ ಹುಡುಕೋಕೆ ಸರ್ಕಾರ ಗುರುತು ಮಾಡಿ ಕೊಡೋ ಜಾಗ. ರಿಲಯನ್ಸ್‌ಗೆ ಅಲ್ಲಿ ಗ್ಯಾಸ್ ಸಿಕ್ಕಿದ್ದು 2002ರಲ್ಲಿ, ಹೊರಗೆ ಬಂದಿದ್ದು 2009ರಲ್ಲಿ. ಮಧ್ಯೆ ಏಳು ವರ್ಷ. 2010ರಲ್ಲಿ ದಿನಕ್ಕೆ ಸುಮಾರು 6 ಕೋಟಿ ಘನ ಮೀಟರ್ ಬಂತು. ಆಮೇಲೆ ಬಾವಿಗಳಿಗೆ ನೀರು, ಮರಳು ನುಗ್ಗಿತು. 2014ರ ಹೊತ್ತಿಗೆ ಅದರಲ್ಲಿ ಕಾಲು ಭಾಗವೂ ಬರುತ್ತಿರಲಿಲ್ಲ. ಅವರಿಗೆ ಬೇರೆ ವ್ಯಾಪಾರಗಳಿದ್ದವು, ತಡೆದುಕೊಂಡರು. ಒಂದೇ ಬ್ಲಾಕ್ ನಂಬಿಕೊಂಡ ಸಣ್ಣ ಕಂಪನಿ ಏಳು ವರ್ಷ ಏನು ತಿಂದು ಬದುಕುತ್ತೆ? ಸಾಲ ಮಾಡುತ್ತೆ, ಇಲ್ಲವೇ ಹೊಸ ಷೇರು ಹೊರಡಿಸುತ್ತೆ. ಹೊಸ ಷೇರು ಬಂದಷ್ಟೂ ನಿನ್ನ ಪಾಲು ತೆಳ್ಳಗಾಗುತ್ತೆ, ಮಜ್ಜಿಗೆಗೆ ನೀರು ಬೆರೆಸಿದ ಹಾಗೆ.

ನೆಲದೊಳಗಿನ ಕಥೆ ಇದಾಯಿತು. ಮೇಲಿನದೂ ಇದೆ. 2014ರ ಜೂನ್‌ನಲ್ಲಿ ಬ್ಯಾರಲ್‌ಗೆ 115 ಡಾಲರ್ ಇದ್ದ ಕಚ್ಚಾ ತೈಲ 2016ರ ಜನವರಿಯಲ್ಲಿ 30ಕ್ಕೂ ಕೆಳಗೆ ಬಿತ್ತು. ಇನ್ನು ಬೆಲೆ ಏರಿದಾಗ ಸರ್ಕಾರ ಕೈ ಚಾಚುತ್ತೆ. 2022ರ ಜುಲೈ 1ರಂದು ದೇಶದೊಳಗೆ ತೆಗೆದ ತೈಲದ ಮೇಲೆ ಟನ್ನಿಗೆ 23,250 ರೂಪಾಯಿ ಹೆಚ್ಚುವರಿ ತೆರಿಗೆ ಹಾಕಿದರು. ತೈಲ ತೆಗೆಯೋ ಸರ್ಕಾರಿ ಕಂಪನಿ ಒಎನ್‌ಜಿಸಿಯ ಷೇರು ಅವತ್ತೊಂದೇ ದಿನ ಶೇಕಡಾ 10ಕ್ಕಿಂತ ಜಾಸ್ತಿ ಕುಸಿಯಿತು. ಆ ತೆರಿಗೆ ಪೂರ್ತಿ ಹೋಗಿದ್ದು 2024ರ ಡಿಸೆಂಬರ್‌ನಲ್ಲಿ. ನನ್ನ ಹತ್ರಾನೂ ಆ ಷೇರು ಸ್ವಲ್ಪ ಇದೆ, ಆ ದಿನ ನನಗೆ ಚೆನ್ನಾಗಿ ನೆನಪಿದೆ.

ಹಾಗಂತ ಈ ಕಡೆ ತಲೇನೇ ಹಾಕಬೇಡ ಅನ್ನುತ್ತಿಲ್ಲ. ಹತ್ತಾರು ಬಾವಿ ಇರೋ ಕಂಪನಿಗೆ ಒಂದು ಒಣಗಿದರೂ ಇನ್ನೊಂದು ಕೈ ಹಿಡಿಯುತ್ತೆ. ಅಂಥದ್ದರಲ್ಲಿ ಇಪ್ಪತ್ತು ಸಾವಿರ ಹಾಕಿ ಎರಡು ವರ್ಷ ನೋಡು. ಅದು ಸಂಬಳದಲ್ಲಿ ಮಿಕ್ಕಿದ ದುಡ್ಡಾಗಿರಲಿ. ಪೆಟ್ರೋಲ್ ಬಂಕ್ ಕಂಪನಿಗಳನ್ನು ಮಾತ್ರ ಇದರ ಜೊತೆ ಸೇರಿಸಬೇಡ. ತೈಲ ಏರಿದರೆ ಬಾವಿಯವರಿಗೆ ಲಾಭ, ಬಂಕಿನವರಿಗೆ ಹೊರೆ.

ಸೈಟಿನ ದುಡ್ಡು ಮುಟ್ಟಬೇಡಪ್ಪ. ಅದರಲ್ಲಿ ನಿನ್ನ ಹೆಂಡತಿಯ ದುಡಿಮೆಯೂ ಇದೆ. ಅವಳನ್ನು ಕೇಳಿದೆಯಾ?

ಸಂಕ್ರಾಂತಿಗೆ ಇಬ್ಬರೂ ಬನ್ನಿ. ಆ ಕಂಪನಿಯ ಮೂರು ವರ್ಷದ ವಾರ್ಷಿಕ ವರದಿ ಪ್ರಿಂಟ್ ತೆಗೆಸಿಕೊಂಡು ಬಾ. ನೆಲದೊಳಗೆ ಎಷ್ಟಿದೆ ಅಂತ ಬರೆದಿದ್ದಾರೆ, ವರ್ಷಕ್ಕೆ ಎಷ್ಟು ತೆಗೆದಿದ್ದಾರೆ, ತೆಗೆದಷ್ಟು ಹೊಸದಾಗಿ ಸಿಕ್ಕಿದೆಯಾ, ಸಾಲ ಎಷ್ಟು, ಎಲ್ಲ ಪೆನ್ಸಿಲ್ ಹಿಡಿದು ಕೂತು ನೋಡೋಣ. ಅಲ್ಲಿವರೆಗೂ ಒಂದು ಷೇರೂ ತಗೋಬೇಡ. ಕಬ್ಬು ತರಿಸಿಟ್ಟಿರುತ್ತೇನೆ.

ನಿನ್ನ ಅತ್ತೆ