ಕೋಡಿಬಾಗದ ಗಟಾರ ಸಭೆ ನಡೆಸಿಕೊಟ್ಟ ಅಕ್ಕನಿಗೆ

ಅಕ್ಕಾ, ಹೆಸರೂ ಹೇಳದೆ ಹೋದಿರಿ, ಇಲ್ಲಿಂದಲೇ ಧನ್ಯವಾದ. ಮಳೆಗಾಲದ ಮುಂಚೆ ಗಟಾರದ ಮಾತೆತ್ತಿದರೆ ಕೇರಿಯಲ್ಲಿ ಜಗಳ ಖಾತ್ರಿ. ನೀವು ಹಲಗೆ ಮೇಲೆ ಒಂದೇ ವಿಷಯ ಬರೆದಿರಿ. ಒಬ್ಬರಿಗೆ 2 ನಿಮಿಷ. ಉತ್ತರ ಕೊಡುವವರು ಹಿಂದಿನವರು ಹೇಳಿದ್ದನ್ನು ಮೊದಲು ತಮ್ಮ ಬಾಯಲ್ಲಿ ಹೇಳಬೇಕು. ಅವರು ‘ಹೌದು, ಅದೇ’ ಅಂದ ಮೇಲೆಯೇ ಮುಂದಿನ ಮಾತು. ಇದೊಂದೇ ಅರ್ಧ ಸಿಟ್ಟು ಇಳಿಸಿತು. ದನಿ ಏರಿಸುವವರಲ್ಲಿ ಹೆಚ್ಚಿನವರಿಗೆ ತಮ್ಮ ಮಾತು ಯಾರೂ ಕೇಳಿಸಿಕೊಂಡಿಲ್ಲ ಎಂಬ ಸಂಕಟವೇ ಇರುತ್ತದೆ.

‘ನೀವೇ ಕಸ ಹಾಕ್ತೀರಿ’ ಎಂದವರನ್ನು ತಡೆದು, ‘ಮೋರಿಯ ಬಾಯಲ್ಲಿ ತೆಂಗಿನ ಸಿಪ್ಪೆ ಸಿಕ್ಕಿದೆ’ ಎಂದು ಹೇಳಿಸಿದಿರಿ. ಮನುಷ್ಯನನ್ನು ದೂರಿದರೆ ಅವನು ಮರ್ಯಾದೆ ಕಾಯಲು ನಿಲ್ಲುತ್ತಾನೆ, ಸಿಪ್ಪೆ ಅಲ್ಲೇ ಉಳಿಯುತ್ತದೆ. ಬಿಸಿಯೇರಿದಾಗ 5 ನಿಮಿಷ ಬಿಡುವು, ಎಲ್ಲರಿಗೂ ಕೋಕಂ ಶರಬತ್ತು. ಕೊನೆಗೆ ಯಾರು, ಯಾವ ದಿನ, ಯಾವ ಮೋರಿ ಎಂದು ಬರೆದು ಗಟ್ಟಿಯಾಗಿ ಓದಿದಿರಿ. ಆ ಹಾಳೆ ಅಂಗಡಿಯ ಗೋಡೆ ಮೇಲಿದೆ.