ಕೊನೆಗೂ ಸಹಿ ಆಯಿತು, ಕೆಲವರಿಗೆ ಥ್ಯಾಂಕ್ಸ್ ಹೇಳಲೇಬೇಕು

ಬರುವ ಆಗಸ್ಟ್‌ನಿಂದ ನಾನು ಅಮೆರಿಕದ ಓಹಾಯೋ ರಾಜ್ಯದ ಒಂದು ಯೂನಿವರ್ಸಿಟಿ ತಂಡಕ್ಕೆ ಟೆನಿಸ್ ಆಡುತ್ತೇನೆ. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ, ಅದರ ಅತಿ ಮೇಲಿನ ಹಂತವಾದ ಡಿವಿಷನ್ ಒಂದರಲ್ಲಿ, ಸ್ಕಾಲರ್‌ಶಿಪ್ ಮೇಲೆ. ಹೆಸರನ್ನು ತಂಡದವರೇ ಪ್ರಕಟಿಸುತ್ತಾರಂತೆ, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದಿದ್ದಾರೆ. ನಾನು ಥ್ಯಾಂಕ್ಸ್ ಹೇಳಬೇಕಾದವರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಬರೆದರೆ ಬೈಯುವವರೇ ಜಾಸ್ತಿ. ಓದಿದರೆ ನೀವು ಯಾರು ಅಂತ ನಿಮಗೆ ಗೊತ್ತಾಗುತ್ತದೆ.

ಅಮೆರಿಕದ ಹೈಸ್ಕೂಲ್ ಮಕ್ಕಳು ಈ ಸಹಿಯನ್ನು ಹಬ್ಬದ ಹಾಗೆ ಮಾಡುತ್ತಾರೆ. ಶಾಲೆಯ ಜಿಮ್‌ನಲ್ಲಿ ಮೇಜು ಹಾಕಿ, ಕಾಲೇಜಿನ ಟೋಪಿ ಇಟ್ಟು, ಅಪ್ಪ ಅಮ್ಮನನ್ನು ಅಕ್ಕಪಕ್ಕ ಕೂರಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮೈಸೂರಿನ ನಮ್ಮ ಮನೆಯಲ್ಲಿ ನಾನು ಲ್ಯಾಪ್‌ಟಾಪ್‌ನಲ್ಲಿ ಒಂದು ಬಟನ್ ಒತ್ತಿದೆ. ನನಗಿನ್ನೂ 18 ತುಂಬಿಲ್ಲ, ಹಾಗಾಗಿ ಅಪ್ಪನೂ ಒತ್ತಿದರು. ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ಸ್ಕ್ರೀನ್ ನೋಡಿ, ‘ಸೀಲು ಎಲ್ಲಿ?’ ಎಂದರು. ಸೀಲಿಲ್ಲದ ಕಾಗದವನ್ನು ನಂಬಬಾರದು ಅನ್ನುವುದು ಅವರ ವಾದ. ಇವತ್ತಿಗೂ ಪೂರ್ತಿ ನಂಬಿಲ್ಲ.

ಸಹಿ ಹಾಕಿದ್ದು ಯಾವ ಕಾಗದಕ್ಕೆ ಎಂದು ತುಂಬಾ ಜನ ಕೇಳಿದ್ದರಿಂದ ಹೇಳಿಬಿಡುತ್ತೇನೆ. ಹಿಂದೆ ಇದಕ್ಕೆ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಪತ್ರ ಇತ್ತು, ಇಂಥ ಕಾಲೇಜಿಗೇ ಸೇರುತ್ತೇನೆ ಎಂದು ಆಟಗಾರರು ಬರೆದುಕೊಡುವ ಪತ್ರ. 1964ರಲ್ಲಿ ಶುರುವಾದದ್ದು. 2024ರ ಅಕ್ಟೋಬರ್‌ನಲ್ಲಿ ಅದನ್ನು ಕೈಬಿಟ್ಟರು. ಈಗ ಯೂನಿವರ್ಸಿಟಿ ಜೊತೆಗಿನ ಸ್ಕಾಲರ್‌ಶಿಪ್ ಒಪ್ಪಂದಕ್ಕೇ ಸಹಿ. ಫೀಸು, ರೂಮು, ಊಟ, ಪುಸ್ತಕ ಅವರದು. ವಿಮಾನದ ಟಿಕೆಟ್ ನಮ್ಮದು. ರೂಮು, ಊಟಕ್ಕೆ ಅವರು ಕೊಡುವ ಹಣವನ್ನು ಅಲ್ಲಿ ಆದಾಯ ಎಂದೇ ಲೆಕ್ಕ ಹಾಕಿ ತೆರಿಗೆ ಕೇಳುತ್ತಾರೆ. ‘ಎಲ್ಲಾ ಫ್ರೀ ಅಲ್ವಾ?’ ಎಂದು ಕೇಳಿದ ಚಿಕ್ಕಪ್ಪನಿಗೆ ಇಲ್ಲೇ ಉತ್ತರ.

ಆ ಒಪ್ಪಂದದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಒಂದೇ ಸಾಲು. ಸ್ಕಾಲರ್‌ಶಿಪ್ ಇರುವ ಅವಧಿಯಲ್ಲಿ ಆಟಗಾರ್ತಿಗೆ ಪೆಟ್ಟಾಯಿತು ಅಂತಲೋ, ಚೆನ್ನಾಗಿ ಆಡಲಿಲ್ಲ ಅಂತಲೋ ಅದನ್ನು ಕಿತ್ತುಕೊಳ್ಳುವ ಹಾಗಿಲ್ಲ. ಬೇರೆಯವರು ಈ ಸಾಲನ್ನು ಸುಮ್ನೆ ದಾಟಿ ಹೋಗಬಹುದು. ನನಗೆ ಆಗಲಿಲ್ಲ.

ಯಾಕೆಂದರೆ ಹೋದ ವರ್ಷ ಇನ್ನೊಂದು ಕಾಲೇಜಿನ ಕೋಚ್ ‘ನೀನು ನಮ್ಮವಳೇ’ ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದರು. ಆಮೇಲೆ ನನ್ನ ಬಲ ಮಣಿಕಟ್ಟು ಕೈಕೊಟ್ಟಿತು. ರಾಕೆಟ್ ಇರಲಿ, ಚಪಾತಿ ಮುರಿಯುವಾಗಲೂ ನೋವು. ವಿಷಯ ತಿಳಿಸಿದ ಮೇಲೆ ಅವರ ಮೇಲ್‌ಗಳು ಚಿಕ್ಕದಾದವು, ಕೊನೆಗೆ ನಿಂತವು. ನಿಯಮದ ಪ್ರಕಾರ ಅದು ತಪ್ಪೇನಲ್ಲ. ಬಾಯಿಮಾತಿನ ಕಮಿಟ್‌ಮೆಂಟ್ ಯಾರನ್ನೂ ಕಟ್ಟಿಹಾಕುವುದಿಲ್ಲ, ನನ್ನನ್ನೂ ಸಹ. ಆದರೂ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಆಗ ಜೊತೆಗಿದ್ದವರಿಗೇ ಈ ಬರಹ.

ಮೊದಲು ನಮ್ಮ ಕ್ಲಬ್ಬಿನ ಮಾರ್ಕರ್ ಅಣ್ಣ. ಟೆನಿಸ್ ಗೊತ್ತಿಲ್ಲದವರಿಗೆ ಹೇಳುವುದಾದರೆ, ಬೆಳಗ್ಗೆ ಮಣ್ಣಿನ ಕೋರ್ಟಿಗೆ ನೀರು ಹಾಕಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ, ಆಮೇಲೆ ಮೆಂಬರ್‌ಗಳ ಜೊತೆ ಆಡುವವರೇ ಮಾರ್ಕರ್. ಬ್ಯಾಂಡೇಜ್ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದ ನನಗೆ ಅವರು ಕೇಳಿದ್ದು, ‘ಎಡಗೈಗೇನಾಗಿದೆ?’ ಏನೂ ಆಗಿರಲಿಲ್ಲ. ಮಾರನೇ ದಿನದಿಂದ ಬುಟ್ಟಿ ತುಂಬಾ ಹಳೇ ಬಾಲ್ ತಂದು ಎಡಗೈಯಲ್ಲಿ ಫೋರ್‌ಹ್ಯಾಂಡ್ ಹೊಡೆಸಿದರು. ಮೊದಮೊದಲು ಬಾಲ್ ಪಕ್ಕದ ಕಾಂಪೌಂಡಿಗೆ ಹೋಗುತ್ತಿತ್ತು. ಪಕ್ಕದ ಮನೆಯ ಅಜ್ಜ ಒಂದು ಚೀಲದಲ್ಲಿ ಕೂಡಿಟ್ಟು ಭಾನುವಾರ ವಾಪಸ್ ಕೊಡುತ್ತಿದ್ದರು. ಅಜ್ಜ, ನಿಮಗೂ ಥ್ಯಾಂಕ್ಸ್, ಆ ಕ್ರೋಟನ್ ಕುಂಡಕ್ಕೆ ಸಾರಿ.

ಎಡಗಡೆ ಬಂದ ಬಾಲಿಗೆ ನಾನು ಹೊಡೆಯುವುದು ಎರಡು ಕೈ ಬ್ಯಾಕ್‌ಹ್ಯಾಂಡ್. ಅದನ್ನು ನಿಜವಾಗಿ ಹೊಡೆಯುವುದು ಎಡಗೈ, ಬಲಗೈ ಬರೀ ಹಿಡಿದುಕೊಂಡಿರುತ್ತದೆ. ನಾನು ಮತ್ತೆ ಆಡಲು ಬಂದಾಗ ಬ್ಯಾಕ್‌ಹ್ಯಾಂಡ್ ಮೊದಲಿಗಿಂತ ಗಟ್ಟಿಯಾಗಿತ್ತು. ಓಹಾಯೋ ಕೋಚ್ ವಿಡಿಯೋ ನೋಡಿ ಮೊದಲು ಕೇಳಿದ್ದೇ ಅದರ ಬಗ್ಗೆ. ಅಣ್ಣನಿಗೆ ಇದನ್ನು ಹೇಳಿದರೆ, ‘ಸರ್ವ್ ಬಗ್ಗೆ ಏನಂದ್ರು?’ ಎಂದರು. ಸರ್ವ್ ಬಗ್ಗೆ ಅವರು ಏನೂ ಅನ್ನಲಿಲ್ಲ.

ಆ ವಿಡಿಯೋ ತೆಗೆದದ್ದು ನನ್ನ ತಮ್ಮ. ಎಡಿಟ್ ಮಾಡಿದ ಚೆಂದದ ಶಾಟ್‌ಗಳು ಅಲ್ಲಿನ ಕೋಚ್‌ಗಳಿಗೆ ಸಾಲುವುದಿಲ್ಲ. ಪೂರ್ತಿ ಮ್ಯಾಚ್ ಬೇಕು, ಸೋತ ಪಾಯಿಂಟ್‌ಗಳೂ ಬೇಕು. ಬಿಸಿಲಲ್ಲಿ ಬೇಲಿಗೆ ಫೋನ್ ಕಟ್ಟಿ ಕಾಯುತ್ತಾ ಕೂತಿದ್ದ, ಗೊಣಗುತ್ತಲೇ. ವಿಡಿಯೋದಲ್ಲಿ ಅವನ ಗೊಣಗಾಟವೂ ಕೇಳಿಸುತ್ತದೆ.

ಫಿಸಿಯೋ ಮೇಡಂ, ಆ ಸ್ಟೇಟ್ ಟೂರ್ನಮೆಂಟಿಗೆ ಹೋಗಬೇಡ ಎಂದು ನೀವು ಕಡ್ಡಿ ಮುರಿದ ಹಾಗೆ ಹೇಳಿದಾಗ ಕೋಪ ಬಂದಿತ್ತು. ಈಗ ಇಲ್ಲ.

ಅಜ್ಜಿ. ಧಾರವಾಡದಲ್ಲಿ ಟೂರ್ನಮೆಂಟ್ ಇದ್ದಾಗಲೆಲ್ಲ ರಾತ್ರಿ ರೈಲಿನಲ್ಲಿ ನನ್ನ ಜೊತೆ ಬರುತ್ತಿದ್ದವರು ಅವರೇ, ಅಪ್ಪ ಅಮ್ಮನಿಗೆ ರಜೆ ಸಿಗುತ್ತಿರಲಿಲ್ಲ. ಸ್ಕೋರ್ ಅವರಿಗೆ ಇವತ್ತಿಗೂ ಅರ್ಥವಾಗುವುದಿಲ್ಲ. 15, 30 ಆದಮೇಲೆ 40 ಯಾಕೆ, 45 ಆಗಬೇಕಲ್ವಾ ಅನ್ನುತ್ತಾರೆ. ನನ್ನ ಹತ್ತಿರವೂ ಉತ್ತರ ಇಲ್ಲ.

ಹೈಸ್ಕೂಲಿನ ಆಫೀಸಿನಲ್ಲಿರುವ ಗುಮಾಸ್ತರಿಗೆ ಒಂದು ದೊಡ್ಡ ನಮಸ್ಕಾರ. ಆಡಲು ನಮಗೆ ಅರ್ಹತೆ ಇದೆಯಾ ಎಂದು ನೋಡುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ಗೆ 9ನೇ ತರಗತಿಯಿಂದ ಪ್ರತಿ ವರ್ಷದ ಅಂಕಪಟ್ಟಿ ಬೇಕು. ಎಸ್‌ಎಸ್‌ಎಲ್‌ಸಿ ಕಾರ್ಡನ್ನು ಎಲ್ಲರೂ ಜೋಪಾನ ಮಾಡುತ್ತಾರೆ. 9ನೇ ಕ್ಲಾಸಿನದನ್ನು ಯಾರು ಇಟ್ಟುಕೊಳ್ಳುತ್ತಾರೆ ಹೇಳಿ? ಅವರು ರೆಕಾರ್ಡ್ ರೂಮಿನ ಧೂಳಿನಲ್ಲಿ ಹುಡುಕಿ, ಹಳೇ ರಿಜಿಸ್ಟರ್ ತೆಗೆದು, ನಕಲು ಮಾಡಿ, ಸೀಲು ಹಾಕಿ ಕೊಟ್ಟರು. ಅಜ್ಜಿಗೆ ಇಡೀ ವ್ಯವಹಾರದಲ್ಲಿ ಮೆಚ್ಚಿಗೆಯಾದ ಕಾಗದ ಅದೊಂದೇ.

ಬೆಂಗಳೂರಿನಿಂದ ಹೋಗಿ ಈಗ ಅಲ್ಲೇ ಕಾಲೇಜು ತಂಡದಲ್ಲಿ ಆಡುತ್ತಿರುವ ಅಕ್ಕನಿಗೆ ಏನು ಹೇಳಲಿ? ಮುಖ ನೋಡದವಳಿಗೆ ಅಷ್ಟು ಹೊತ್ತು ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದರು. ಅಲ್ಲಿ ಎರಡು ಕಾಲೇಜು ತಂಡಗಳು ಆಡುವಾಗ ಆರು ಸಿಂಗಲ್ಸ್‌ಗೆ ಆರು ಪಾಯಿಂಟ್, ಮೂರು ಡಬಲ್ಸ್ ಸೇರಿ ಒಂದೇ ಪಾಯಿಂಟ್, ಮೊದಲು ನಾಲ್ಕು ಮುಟ್ಟಿದ ತಂಡ ಗೆಲ್ಲುತ್ತದೆ. ಡ್ಯೂಸ್, ಅಂದರೆ 40-40 ಆದರೆ ಅಡ್ವಾಂಟೇಜ್ ಇಲ್ಲ, ಒಂದೇ ಪಾಯಿಂಟಿಗೆ ಗೇಮ್. ಪಕ್ಕದ ಕೋರ್ಟಿನಿಂದ ಜೊತೆಯವರು ಕಿರುಚುತ್ತಲೇ ಇರುತ್ತಾರೆ, ಅದಕ್ಕೆ ತಯಾರಾಗು ಎಂದರು. ನಮ್ಮ ದೇಶದ ಟೆನಿಸ್ ಆಟಗಾರ ಸೋಮದೇವ್ ದೇವವರ್ಮನ್ ವರ್ಜೀನಿಯಾ ಯೂನಿವರ್ಸಿಟಿ ಪರ ಆಡಿ 2007 ಮತ್ತು 2008ರಲ್ಲಿ ಎನ್‌ಸಿಎಎ ಸಿಂಗಲ್ಸ್ ಗೆದ್ದಿದ್ದು ನನಗೆ ಗೊತ್ತಿತ್ತು. ಆದರೆ ಚಳಿಗಾಲದಲ್ಲಿ ಮ್ಯಾಚ್ ಎಲ್ಲಾ ಒಳಾಂಗಣದಲ್ಲಿ, ಬೆಳಗಿನ ಕ್ಲಾಸಿಗೆ ಹಿಮದಲ್ಲಿ ನಡೆದೇ ಹೋಗಬೇಕು ಅನ್ನುವುದನ್ನು ಹೇಳಿದ್ದು ಅಕ್ಕ ಮಾತ್ರ.

ಡಬಲ್ಸ್ ಪಾರ್ಟ್ನರ್, ನಾನಿಲ್ಲದಾಗ ನೀನು ಬೇರೆಯವರ ಜೊತೆ ಆಡಿ ಗೆದ್ದೆ. ಕಪ್ ಹಿಡಿದ ಫೋಟೋ ಕಳಿಸಿ ‘ಬೇಗ ಬಾ’ ಎಂದು ಬರೆದಿದ್ದೆ. ಅದಕ್ಕೆ ಥ್ಯಾಂಕ್ಸ್, ಸ್ವಲ್ಪ ಮಾತ್ರ.

ಅಪ್ಪ ಅಮ್ಮನ ಬಗ್ಗೆ ಬರೆಯಲು ಕೂತರೆ ಮುಗಿಯುವುದಿಲ್ಲ, ಅವರಿಗೆ ಮನೆಯಲ್ಲೇ ಹೇಳುತ್ತೇನೆ.

ಇನ್ನೊಂದು ಮಾತು, ಕ್ಲಬ್ಬಿನ ಚಿಕ್ಕ ಮಕ್ಕಳಿಗೆ, ಅವರ ಅಪ್ಪ ಅಮ್ಮನಿಗೆ. ಕಾಲೇಜು ಕೊಡಿಸುತ್ತೇವೆ ಎಂದು ಒಂದು ಏಜೆನ್ಸಿಯವರು ನಮ್ಮ ಹತ್ತಿರ ಕೇಳಿದ ದುಡ್ಡಿನಲ್ಲಿ ವರ್ಷಕ್ಕಾಗುವಷ್ಟು ರಾಕೆಟ್ ಗಟ್ (ತಂತಿ) ಮತ್ತು ಬಾಲ್ ಬರುತ್ತಿತ್ತು. ಕೋಚ್‌ಗಳ ಇಮೇಲ್ ವಿಳಾಸ ಕಾಲೇಜುಗಳ ವೆಬ್‌ಸೈಟಿನಲ್ಲೇ ಇರುತ್ತದೆ. ನಾನು ಬರೆದ ಮೇಲ್‌ಗಳು, ಬೇಕಾದ ಕಾಗದಗಳ ಪಟ್ಟಿ ಎಲ್ಲಾ ಒಂದು ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. ಯಾರಿಗಾದರೂ ದುಡ್ಡು ಕೊಡುವ ಮುಂಚೆ ನನಗೊಂದು ಮೆಸೇಜ್ ಹಾಕಿ. ಮತ್ತೆ 9ನೇ ಕ್ಲಾಸಿನ ಅಂಕಪಟ್ಟಿಯನ್ನು ಈಗಲೇ ತೆಗೆದಿಡಿ.