ಥಂಡರ್‌ಬರ್ಡ್ ಕೈಕೊಟ್ಟರೆ ಮೊದಲು ಇದನ್ನು ನೋಡಿ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿ, ಠಾಣೆ ಕಡೆಯ ಸದಸ್ಯರಿಂದ ಒಂದೇ ದೂರು ಬರುತ್ತಿದೆ. ಸಂಘದ ಜಿಮೇಲ್ ಫೋನಿನಲ್ಲಿ ತೆರೆಯುತ್ತದೆ, ಕಂಪ್ಯೂಟರಿನಲ್ಲಿ ಮೇಲ್ ನೋಡುವ ಥಂಡರ್‌ಬರ್ಡ್ ಪ್ರೋಗ್ರಾಂನಲ್ಲಿ ಮಾತ್ರ ಲಾಗಿನ್ ಆಗುವುದಿಲ್ಲ.

ಪಾಸ್‌ವರ್ಡ್ ಸರಿಯಾಗೇ ಇದೆ. ಸುಮ್ನೆ ಮತ್ತೆ ಮತ್ತೆ ಟೈಪ್ ಮಾಡಬೇಡಿ. ಹಳೇ ಸೆಟ್ಟಿಂಗಿನಲ್ಲಿ ಬರೀ ಪಾಸ್‌ವರ್ಡ್ ಕೊಟ್ಟರೆ ಗೂಗಲ್ ಈಗ ಒಳಗೆ ಬಿಡುವುದಿಲ್ಲ. ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ, ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ಅಥೆಂಟಿಕೇಶನ್ ಮೆಥಡ್ ಅನ್ನು ಓಆಥ್2 (ಗೂಗಲ್‌ನ ಲಾಗಿನ್ ಕಿಟಕಿಯಲ್ಲೇ ಒಪ್ಪಿಗೆ ಕೊಡುವ ವಿಧಾನ) ಮಾಡಿ. ಐಮ್ಯಾಪ್ (ಮೇಲನ್ನು ಸರ್ವರ್‌ನಲ್ಲೇ ಇಟ್ಟು ಓದುವ ವಿಧಾನ) ಬಳಸುವವರಿಗೆ ಪೋರ್ಟ್ 993 ಇರಲಿ. ಮೇಲ್ ಬರುತ್ತದೆ, ಆದರೆ ಹೋಗುವುದಿಲ್ಲ ಅನ್ನುವವರು ಔಟ್‌ಗೋಯಿಂಗ್ ಸರ್ವರ್‌ನಲ್ಲೂ ಇದನ್ನೇ ಮಾಡಬೇಕು. ಅದು ಪಟ್ಟಿಯ ತೀರಾ ಕೆಳಗಿದೆ, ಜಾಸ್ತಿ ಜನ ಮರೆಯುವುದು ಅದನ್ನೇ. ಆಮೇಲೆ ಗೂಗಲ್ ಲಾಗಿನ್ ಕಿಟಕಿ ಬರುತ್ತದೆ. ಅಲ್ಲೇ ಸಿಕ್ಕಿಕೊಂಡರೆ ಥಂಡರ್‌ಬರ್ಡ್‌ನ ಪ್ರೈವಸಿ ಸೆಟ್ಟಿಂಗಿನಲ್ಲಿ ಕುಕೀಗಳಿಗೆ ಒಪ್ಪಿಗೆ ಇದೆಯೇ ನೋಡಿ.

ಮಳೆಗೆ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದ ಮೇಲೆ ಇನ್‌ಬಾಕ್ಸ್ ಖಾಲಿ ಕಂಡರೆ ಗಾಬರಿ ಬೇಡ. ಬಹಳ ಸಲ ಕೆಟ್ಟಿರುವುದು ಮೇಲ್‌ಗಳ ಪಟ್ಟಿ ಇಡುವ ಇಂಡೆಕ್ಸ್ ಫೈಲ್, ಮೇಲ್ ಅಲ್ಲ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ರಿಪೇರ್ ಫೋಲ್ಡರ್ ಒತ್ತಿ. ಪಾಪ್ (ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಧಾನ) ಬಳಸುವವರ ಮೇಲ್ ಕಂಪ್ಯೂಟರಿನಲ್ಲಿ ಮಾತ್ರ ಇರಬಹುದು, ಅಲ್ವಾ? ಅವರು ರಿಪೇರ್‌ಗೆ ಮೊದಲು ಪ್ರೊಫೈಲ್ ಫೋಲ್ಡರಿನ (ಥಂಡರ್‌ಬರ್ಡ್ ತನ್ನ ಮೇಲ್, ಸೆಟ್ಟಿಂಗ್ ಇಡುವ ಫೋಲ್ಡರ್) ಕಾಪಿ ತೆಗೆದಿಡಲಿ.

ಹಾಗೇ ಇನ್ನೊಂದು. ರಾಜ್ಯೋತ್ಸವದ ಫೋಟೋಗಳನ್ನೆಲ್ಲ ಒಂದೇ ಮೇಲ್‌ಗೆ ತುರುಕಬೇಡಿ. ಜಿಮೇಲ್ ಮಿತಿ 25 ಎಂಬಿ. ಡ್ರೈವ್ ಲಿಂಕ್ ಕಳಿಸಿದರೆ ಸಾಕು.

ಇಷ್ಟಾದರೂ ಸರಿಹೋಗದಿದ್ದರೆ ಎರರ್‌ನ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ. ದಯವಿಟ್ಟು ಪಾಸ್‌ವರ್ಡ್ ಮಾತ್ರ ಹಾಕಬೇಡಿ.